ಉರುಳಿದ್ದಕ್ಕಲ್ಲ, ಜಾರಿದ್ದಕ್ಕೆ

ಹೊಸ ಟೈರನ್ನು ಹತ್ತಿರದಿಂದ ನೋಡಿದ್ದೀರಾ? ಅದರ ಮೈಮೇಲೆ ಅಲ್ಲಲ್ಲಿ ಕಪ್ಪು ಕೂದಲಿನಂಥ ಸಣ್ಣ ಎಳೆಗಳು ನಿಂತಿರುತ್ತವೆ. ಬೆರಳಾಡಿಸಿದರೆ ಕಚಗುಳಿಯಾಗುತ್ತದೆ. ಟೈರು ಹುಟ್ಟುವುದು ಬಿಸಿ ಅಚ್ಚಿನಲ್ಲಿ. ಮೆತ್ತಗಿನ ಹಸಿ ರಬ್ಬರನ್ನು ಅಚ್ಚಿನೊಳಗೆ ಇಟ್ಟು ಒತ್ತುವಾಗ ಅಲ್ಲಿ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗಬೇಕಲ್ಲ, ಅದಕ್ಕೆಂದು ಅಚ್ಚಿನ ತುಂಬ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಗಾಳಿಯ ಬೆನ್ನಿಗೇ ಒಂದಿಷ್ಟು ರಬ್ಬರೂ ಆ ತೂತಿನೊಳಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ಅಚ್ಚು ಬಿಚ್ಚಿದಾಗ ಎದ್ದು ನಿಲ್ಲುವ ಎಳೆಗಳೇ ಈ ಕೂದಲು.

ಆ ಟೈರು ಒಂದಷ್ಟು ದಿನ ರಸ್ತೆಯಲ್ಲಿ ಓಡಲಿ. ಆಮೇಲೆ ಮತ್ತೆ ನೋಡಿ. ಪಕ್ಕದ ಗೋಡೆಯ ಮೇಲಿನ ಕೂದಲು ಹಾಗೇ ಇರುತ್ತದೆ. ನೆಲ ಮುಟ್ಟುವ ಮೇಲ್ಮೈಯಲ್ಲಿದ್ದವು ಕಾಣೆಯಾಗಿರುತ್ತವೆ. ಸವೆತ ಶುರುವಾಗಿದೆ ಎಂಬುದಕ್ಕೆ ಕಣ್ಣಿಗೆ ಕಾಣುವ ಮೊದಲ ಸಾಕ್ಷಿ ಇದು. ಕೂದಲು ಹೋದ ಮೇಲೆ ರಬ್ಬರಿನ ಸರದಿ.

ಎಷ್ಟು ಸವೆಯುತ್ತದೆ ಎಂದು ಲೆಕ್ಕ ಹಾಕೋಣ. ನೆಲ ಮುಟ್ಟುವ ಭಾಗಕ್ಕೆ ಟ್ರೆಡ್ ಎಂದು ಹೆಸರು. ಕಾರಿನ ಹೊಸ ಟೈರಿನಲ್ಲಿ ಟ್ರೆಡ್ಡಿನ ಕಾಲುವೆಗಳು ಸುಮಾರು 8 ಮಿಲಿಮೀಟರ್ ಆಳ ಇರುತ್ತವೆ. ಮಳೆಗಾಲದಲ್ಲಿ ಟೈರಿನ ಕೆಳಗಿನ ನೀರು ಈ ಕಾಲುವೆಗಳಲ್ಲೇ ಹರಿದು ಹೊರಗೆ ಹೋಗಬೇಕು. ಕಾಲುವೆಯ ತಳದಲ್ಲಿ ಅಲ್ಲಲ್ಲಿ ಅಡ್ಡಡ್ಡ ಪುಟ್ಟ ದಿಣ್ಣೆಗಳಿವೆ. ಅವುಗಳ ಎತ್ತರ 1.6 ಮಿಲಿಮೀಟರ್. ಸುತ್ತಲಿನ ರಬ್ಬರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತೆಂದರೆ ಟೈರು ಬದಲಿಸುವ ಹೊತ್ತಾಯಿತು. ಅಂದರೆ ಒಂದು ಟೈರಿನ ಆಯುಷ್ಯವೆಲ್ಲ ಸೇರಿ ಸವೆಯುವ ರಬ್ಬರಿನ ದಪ್ಪ 6 ಮಿಲಿಮೀಟರ್ ಚಿಲ್ಲರೆ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಸಾಧಾರಣ ಸಣ್ಣ ಕಾರಿನ ಟೈರಿನ ಸುತ್ತಳತೆ ಸುಮಾರು 1.9 ಮೀಟರ್. ಒಂದು ಕಿಲೋಮೀಟರಿಗೆ ಅದು ಐನೂರಕ್ಕೂ ಹೆಚ್ಚು ಸುತ್ತು ಉರುಳುತ್ತದೆ. ಟೈರು 40,000 ಕಿಲೋಮೀಟರ್ ಬಾಳಿತು ಎಂದುಕೊಂಡರೆ ಒಟ್ಟು ಎರಡು ಕೋಟಿಗೂ ಹೆಚ್ಚು ಸುತ್ತು! ಆ 6 ಮಿಲಿಮೀಟರನ್ನು ಎರಡು ಕೋಟಿಯಿಂದ ಭಾಗಿಸಿ. ಒಂದು ಸುತ್ತಿಗೆ ಸವೆಯುವ ದಪ್ಪ ಒಂದು ನ್ಯಾನೋಮೀಟರಿನ ಹತ್ತರಲ್ಲಿ ಮೂರು ಭಾಗ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ರಬ್ಬರಿನೊಳಗೆ ಅಕ್ಕಪಕ್ಕದ ಎರಡು ಇಂಗಾಲದ ಪರಮಾಣುಗಳ ನಡುವಿನ ಅಂತರ ಸುಮಾರು 0.15 ನ್ಯಾನೋಮೀಟರ್. ಅಂದಮೇಲೆ ಒಂದು ಸುತ್ತಿಗೆ ಸರಾಸರಿ ಪರಮಾಣುವಿನ ಅಳತೆಯಷ್ಟು ಮಾತ್ರ ರಬ್ಬರು ಹೋಗುತ್ತಿದೆ. ಒಂದು ಟನ್ ತೂಕದ ಕಾರನ್ನು ಹೊತ್ತುಕೊಂಡು ಕಲ್ಲು ಡಾಂಬರಿನ ಮೇಲೆ ಓಡುವ ವಸ್ತುವಿಗೆ ಇಷ್ಟು ಗಟ್ಟಿತನ ಇರುವುದು ನನಗೆ ಯಾವತ್ತೂ ಬೆರಗು ಹುಟ್ಟಿಸುತ್ತದೆ. (ಹಾಗೆಂದು ಪರಮಾಣುಗಳು ಸುತ್ತಿಗೊಂದರಂತೆ ಶಿಸ್ತಾಗಿ ಉದುರುತ್ತವೆ ಎಂದುಕೊಳ್ಳಬೇಡಿ. ರಬ್ಬರು ಹೋಗುವುದು ಸಣ್ಣ ಸಣ್ಣ ಚೂರುಗಳಾಗಿ, ಇವತ್ತು ಇಲ್ಲಿ, ನಾಳೆ ಅಲ್ಲಿ. ನಾವು ತೆಗೆದದ್ದು ಸರಾಸರಿ.)

ಈ ಗಟ್ಟಿತನ ಸುಮ್ಮನೆ ಬಂದದ್ದಲ್ಲ. ಸುಳ್ಯ, ಪುತ್ತೂರು ಕಡೆಯ ತೋಟಗಳಲ್ಲಿ ರಬ್ಬರ್ ಮರದಿಂದ ಹಾಲು ಇಳಿಸುವುದನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಆ ಹಾಲಿನ ರಬ್ಬರು ಮಾತ್ರ ಇದ್ದರೆ ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯಾಗುತ್ತದೆ, ಎಳೆದರೆ ಹಿಗ್ಗಿ ಬಿಟ್ಟರೆ ಮೊದಲಿನಂತೆ ಕುಗ್ಗುತ್ತದೆ ಎಂದು ಕಂಡುಕೊಂಡರು. ಇಂದಿನ ಕಾರಿನ ಟೈರಿನಲ್ಲಿ ಮರದ ರಬ್ಬರಿನ ಜೊತೆಗೆ ಪೆಟ್ರೋಲಿಯಮ್ಮಿನಿಂದ ಮಾಡಿದ ರಬ್ಬರೂ ಇರುತ್ತದೆ, ಮಸಿಯಂಥ ಕಾರ್ಬನ್ ಬ್ಲ್ಯಾಕ್ ಪುಡಿಯೂ ಇರುತ್ತದೆ. ಟೈರಿಗೆ ಕಪ್ಪು ಬಣ್ಣ ಬಂದದ್ದು ಆ ಪುಡಿಯಿಂದ. ಆದರೆ ಅದನ್ನು ಸೇರಿಸುವುದು ಬಣ್ಣಕ್ಕಲ್ಲ. ಅದಿಲ್ಲದ ಟೈರು ಬೇಗ ಸವೆಯುತ್ತದೆ. ಕಾರಿನ ಮೊದಮೊದಲ ಟೈರುಗಳು ಬಿಳಿಚಾಗಿದ್ದವು, ಬಾಳಿಕೆಯೂ ಕಡಿಮೆ.

ಸರಿ, ಇಷ್ಟು ಗಟ್ಟಿಯಾದ ವಸ್ತು ಎಲ್ಲರಿಗೂ ಒಂದೇ ಸಮ ಬಾಳಬೇಕಿತ್ತು. ಹಾಗಾಗುವುದಿಲ್ಲ. ಒಂದೇ ಬಗೆಯ ಎರಡು ಕಾರು, ಒಂದೇ ಬಗೆಯ ಟೈರು, ಒಂದೇ ಊರಿನ ರಸ್ತೆ. ಆದರೂ ಒಂದರ ಟೈರು ಇನ್ನೊಂದರದಕ್ಕಿಂತ ಬಹಳ ಮುಂಚೆ ಬೋಳಾಗುತ್ತದೆ. ಯಾಕೆ?

ಉತ್ತರಕ್ಕೆ ಒಂದು ಸೀಮೆಸುಣ್ಣ ಬೇಕು. ಅದನ್ನು ಸಿಮೆಂಟು ನೆಲದ ಮೇಲೆ ಮಲಗಿಸಿ ಅಂಗೈಯಿಂದ ಉರುಳಿಸಿ. ನೆಲದ ಮೇಲೆ ಗುರುತು ಬೀಳುವುದಿಲ್ಲ ಎನ್ನಬಹುದು. ಈಗ ಅದೇ ಸೀಮೆಸುಣ್ಣವನ್ನು ಮಲಗಿಸಿಕೊಂಡೇ, ಉರುಳಲು ಬಿಡದೆ ಎಳೆಯಿರಿ. ಬೆಳ್ಳಗೆ ಪಟ್ಟೆ ಬಿತ್ತು. ನೆಲ ಅದೇ, ಸುಣ್ಣ ಅದೇ, ಕೈಯ ಒತ್ತಡವೂ ಹೆಚ್ಚುಕಡಿಮೆ ಅದೇ. ಬದಲಾದದ್ದು ಒಂದೇ, ಮೊದಲ ಸಲ ಅದು ಉರುಳಿತು, ಎರಡನೇ ಸಲ ಜಾರಿತು.

ಉರುಳುವ ಚಕ್ರದಲ್ಲಿ ಒಂದು ವಿಚಿತ್ರ ಇದೆ. ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರಲಿ, ಚಕ್ರದಲ್ಲಿ ನೆಲವನ್ನು ತಾಗಿರುವ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತದೆ! ಮೇಲಿನ ಅಂಚು ಕಾರಿನ ಎರಡರಷ್ಟು ವೇಗದಲ್ಲಿ ಮುಂದೆ ಹೋಗುತ್ತಿರುತ್ತದೆ, ತಳದ ಬಿಂದು ಮಾತ್ರ ನೆಲದ ಮೇಲೆ ಹೆಜ್ಜೆ ಊರಿ, ನಿಂತು, ಎದ್ದು ಹೋಗುತ್ತದೆ. ನಿಂತ ವಸ್ತು ನೆಲವನ್ನು ಉಜ್ಜುವುದಿಲ್ಲ. ಹಾಗಾಗಿ ಟೈರು ಬರೀ ಉರುಳುತ್ತಿದ್ದರೆ ಸವೆತ ತೀರಾ ಕಡಿಮೆ. ಟೈರನ್ನು ತಿನ್ನುವುದು ದೂರಕ್ಕಿಂತ ಹೆಚ್ಚಾಗಿ ಜಾರಿಕೆ.

ನೀವು ಕೇಳಬಹುದು: ‘ಕಾರು ಜಾರುವುದನ್ನು ನಾವು ನೋಡಿಯೇ ಇಲ್ಲವಲ್ಲ?’ ಕಣ್ಣಿಗೆ ಕಾಣುವಷ್ಟು ಜಾರುವುದಿಲ್ಲ, ನಿಜ. ಅದು ಎಲ್ಲಿ ಜಾರುತ್ತದೆ ಎಂದು ತಿಳಿಯಲು ಟೈರಿನ ಕೆಳಗೆ ಇಣುಕಬೇಕು.

ಜನ ಕೂತ ಸಣ್ಣ ಕಾರು ಸುಮಾರು 1,000 ಕಿಲೋ ತೂಗುತ್ತದೆ ಎನ್ನೋಣ. ನಾಲ್ಕು ಟೈರಿಗೆ ಹಂಚಿದರೆ ಒಂದೊಂದಕ್ಕೆ 250 ಕಿಲೋ. ಟೈರಿಗೆ 32 ಪಿಎಸ್‌ಐ ಗಾಳಿ ಹಾಕಿಸಿದ್ದರೆ ಒಳಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಎರಡೂಕಾಲು ಕಿಲೋದಷ್ಟು ಒತ್ತುತ್ತದೆ. 250ನ್ನು 2.25ರಿಂದ ಭಾಗಿಸಿ. ಸುಮಾರು 110 ಚದರ ಸೆಂಟಿಮೀಟರ್ ಬಂತು. ಒಂದು ಅಂಚೆ ಕಾರ್ಡು ಇದಕ್ಕಿಂತ ತುಸು ದೊಡ್ಡದು. ಇಡೀ ಕಾರು ರಸ್ತೆಯನ್ನು ಹಿಡಿದುಕೊಂಡಿರುವುದು ಇಂಥ ನಾಲ್ಕು ತುಂಡುಗಳಿಂದ. ಓಡುವುದು, ನಿಲ್ಲುವುದು, ತಿರುಗುವುದು, ಎಲ್ಲ ಬಲವೂ ಅಷ್ಟರಲ್ಲೇ ಹಾದುಹೋಗಬೇಕು.

ಬ್ರೇಕ್ ಒತ್ತಿದಾಗ ಆ ತುಂಡಿನಲ್ಲಿ ಏನಾಗುತ್ತದೆ ನೋಡಿ. ಟ್ರೆಡ್ಡಿನ ಕಾಲುವೆಗಳ ನಡುವೆ ರಬ್ಬರಿನ ಬಿಲ್ಲೆಗಳು ಎದ್ದು ನಿಂತಿವೆ. ಚಕ್ರ ಉರುಳಿದಂತೆ ಒಂದೊಂದು ಬಿಲ್ಲೆಯೂ ತುಂಡಿನ ಮುಂದಿನ ತುದಿಯಲ್ಲಿ ನೆಲಕ್ಕೆ ಇಳಿಯುತ್ತದೆ. ಇಳಿದಾಗ ಅದು ನೆಟ್ಟಗಿರುತ್ತದೆ. ಅದರ ಪಾದವನ್ನು ರಸ್ತೆ ಹಿಡಿದಿದೆ, ತಲೆಯನ್ನು ಟೈರು ಎಳೆಯುತ್ತಿದೆ. ಹಿಂದಕ್ಕೆ ಸರಿಯುತ್ತಾ ಬಂದಂತೆ ಬಿಲ್ಲೆ ಹೆಚ್ಚು ಹೆಚ್ಚು ಬಾಗುತ್ತದೆ. ತುಂಡಿನ ಹಿಂತುದಿಗೆ ಬಂದಾಗ ಮೇಲಿನ ಭಾರ ಹಗುರವಾಗಿ ಪಾದದ ಹಿಡಿತ ಸಡಿಲುತ್ತದೆ. ಆಗ ಬಾಗಿದ್ದ ಬಿಲ್ಲೆ ಸರಕ್ಕನೆ ನೆಟ್ಟಗಾಗುತ್ತದೆ. ಆ ಸರಕ್ಕನೆ ಹೋದ ಒಂದಿಷ್ಟೇ ಇಷ್ಟು ದೂರದಲ್ಲಿ ಅದು ನೆಲವನ್ನು ಉಜ್ಜಿತು. ರಬ್ಬರು ಸವೆಯುವುದು ಅಲ್ಲಿ.

ಮೆಲ್ಲಗೆ ಬ್ರೇಕ್ ಒತ್ತಿದರೆ ಬಿಲ್ಲೆ ಸ್ವಲ್ಪ ಬಾಗುತ್ತದೆ, ತುದಿಯಲ್ಲಿ ಸ್ವಲ್ಪ ಜಾರುತ್ತದೆ. ಬಲವಾಗಿ ಒತ್ತಿದರೆ ಬಿಲ್ಲೆ ತಡೆದುಕೊಳ್ಳಲಾರದೆ ಅರ್ಧದಾರಿಯಲ್ಲೇ ಹಿಡಿತ ಬಿಡುತ್ತದೆ, ಜಾರುವ ಜಾಗ ಹಿಗ್ಗುತ್ತದೆ. ಇನ್ನೂ ಬಲವಾಗಿ ಒತ್ತಿ ಚಕ್ರ ಕಚ್ಚಿಕೊಂಡರೆ ತುಂಡಿಗೆ ತುಂಡೇ ಜಾರುತ್ತದೆ.

ರಬ್ಬರು ಜಾರುವ ಬಗೆಯನ್ನು ಕಣ್ಣಾರೆ ಕಾಣಬೇಕೆಂದು ಹಟ ಹಿಡಿದವರು ಅಡಾಲ್ಫ್ ಶಾಲಮಾಕ್. ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ರಬ್ಬರಿನ ಸವೆತವನ್ನೇ ಅಧ್ಯಯನ ಮಾಡಿದ ವಿಜ್ಞಾನಿ. ಮೆತ್ತಗಿನ ರಬ್ಬರನ್ನು ಪಾರದರ್ಶಕ ಹಲಗೆಯ ಮೇಲೆ ಎಳೆದು, ಎರಡೂ ಸೇರುವ ಜಾಗವನ್ನು ಅವರು ನೋಡಿದರು. ರಬ್ಬರು ಒಟ್ಟಿಗೇ ಸರಿಯುತ್ತಿರಲಿಲ್ಲ! ಅದರ ಮೈಯಲ್ಲಿ ಒಂದು ಕಡೆ ಸಣ್ಣ ಸುಕ್ಕು ಎದ್ದು, ಆ ಸುಕ್ಕು ಅಲೆಯಾಗಿ ಉದ್ದಕ್ಕೂ ಹರಿದು ಹೋಗುತ್ತಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕಂಬಳಿಹುಳು ಬೆನ್ನು ಎತ್ತಿ ಎತ್ತಿ ಸಾಗುವಂತೆ ರಬ್ಬರು ಸಾಗುತ್ತಿತ್ತು. 1971ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಅಲೆಗಳನ್ನು ಈಗಲೂ ಶಾಲಮಾಕ್ ಅಲೆಗಳು ಎಂದೇ ಕರೆಯುತ್ತಾರೆ. ಗಾಜಿನಂತೆ ನುಣುಪಾದ ಹಲಗೆಯ ಮೇಲಿನ ಮಾತು ಇದು. ಡಾಂಬರು ರಸ್ತೆಯಲ್ಲಿ ಜಲ್ಲಿಯ ಚೂಪು ಅಂಚುಗಳಿವೆ. ಅಲ್ಲಿ ರಬ್ಬರಿನ ಸಣ್ಣ ಸಣ್ಣ ನಾಲಿಗೆಗಳು ಕಲ್ಲಿಗೆ ಸಿಕ್ಕಿ, ಹಿಗ್ಗಿ, ಕೊನೆಗೆ ಹರಿದು ಬೀಳುತ್ತವೆ. ನಿಮ್ಮ ಕಂಪಾಸು ಪೆಟ್ಟಿಗೆಯ ಅಳಿಸುವ ರಬ್ಬರನ್ನು ಒರಟು ಕಲ್ಲಿನ ಮೇಲೆ ಒಂದೇ ದಿಕ್ಕಿನಲ್ಲಿ ಹತ್ತಾರು ಸಲ ಉಜ್ಜಿ, ಭೂತಗನ್ನಡಿಯಲ್ಲಿ ನೋಡಿ. ಉಜ್ಜಿದ ದಿಕ್ಕಿಗೆ ಅಡ್ಡಲಾಗಿ ಏಣುಗಳು ಎದ್ದಿರಬಹುದು. ಟೈರಿನ ಮೈಮೇಲೂ ಇಂಥ ಏಣುಗಳು ಏಳುತ್ತವೆ.

ಇನ್ನು ಈ ಬರಹದ ತಿರುಳಿಗೆ ಬರೋಣ. ಕಾರು ತಿರುವಿನಲ್ಲಿ ತಿರುಗುವಾಗ ಟೈರು ರಸ್ತೆಯನ್ನು ಪಕ್ಕಕ್ಕೆ ಒತ್ತಬೇಕು. ಆ ಒತ್ತುವ ಬಲ ಎರಡರಷ್ಟಾಯಿತು ಎನ್ನಿ. ಬಿಲ್ಲೆ ಎರಡರಷ್ಟು ಬಾಗಬೇಕು, ಆದ್ದರಿಂದ ಜಾರುವ ದೂರವೂ ಎರಡರಷ್ಟು. ಎರಡರಷ್ಟು ಬಲದಿಂದ, ಎರಡರಷ್ಟು ದೂರ ಉಜ್ಜಿದರೆ ಉಜ್ಜಾಟ ನಾಲ್ಕು ಪಟ್ಟು. ಬಲ ಮೂರರಷ್ಟಾದರೆ ಒಂಬತ್ತು ಪಟ್ಟು. ಶಾಲಮಾಕ್ ತಮ್ಮ ಜೊತೆಗಾರ ಟರ್ನರ್ ಅವರೊಂದಿಗೆ 1960ರಲ್ಲಿ ಜಾರುವ ಚಕ್ರಗಳ ಸವೆತದ ಬಗ್ಗೆ ಬರೆದ ಪ್ರಬಂಧದ ಲೆಕ್ಕವೂ ಇದೇ ದಾರಿಯದು. ಟೈರು ಪೂರ್ತಿ ಹಿಡಿತ ಕಳೆದುಕೊಳ್ಳದೆ ಸಣ್ಣ ಪ್ರಮಾಣದಲ್ಲಿ ಜಾರುವವರೆಗೆ ಇದು ಒಳ್ಳೆಯ ಅಂದಾಜು.

ಇದರ ಮೇಲೆ ಇನ್ನೊಂದು ಪಟ್ಟು ಕೂರುತ್ತದೆ. ಅದೇ ತಿರುವನ್ನು ಎರಡರಷ್ಟು ವೇಗದಲ್ಲಿ ದಾಟಲು ಬೇಕಾದ ಪಕ್ಕದ ಬಲ ಎರಡರಷ್ಟಲ್ಲ, ನಾಲ್ಕರಷ್ಟು. ಬಲ ನಾಲ್ಕರಷ್ಟಾದರೆ ಸವೆತ ಹದಿನಾರರಷ್ಟು.

ಆಗುಂಬೆ ಘಾಟಿಗೆ ಹೋಗೋಣ. ಅಲ್ಲಿ ಕಡಿದಾದ 14 ತಿರುವುಗಳಿವೆ. ಯಾರೂ ಅಲ್ಲಿ ಜೋರಾಗಿ ಓಡಿಸಲಾರರು, ಹಾಗಾಗಿ ಟೈರಿಗೆ ತೊಂದರೆಯಿಲ್ಲ ಎನಿಸುತ್ತದೆ. ಒಬ್ಬರು ಪ್ರತಿ ತಿರುವನ್ನೂ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ದಾಟುತ್ತಾರೆ, ಇನ್ನೊಬ್ಬರು 25ರಲ್ಲಿ ಎಂದುಕೊಳ್ಳಿ. ಐದೇ ಐದು ಕಿಲೋಮೀಟರಿನ ವ್ಯತ್ಯಾಸ. 25 ಎಂಬುದು 20ರ 1.25 ಪಟ್ಟು. ಬಲಕ್ಕಾಗಿ 1.25ನ್ನು 1.25ರಿಂದ ಗುಣಿಸಿ, 1.56 ಬಂತು. ಸವೆತಕ್ಕಾಗಿ 1.56ನ್ನು 1.56ರಿಂದ ಗುಣಿಸಿ. 2.4 ದಾಟಿತು. ಅಂದರೆ ಆ ತಿರುವುಗಳಲ್ಲಿ ಎರಡನೆಯವರ ಟೈರು ಸುಮಾರು ಎರಡೂವರೆ ಪಟ್ಟು ಸವೆಯುತ್ತದೆ. ಇದರಿಂದ ಅವರಿಗೆ ಉಳಿತಾಯವಾದ ಸಮಯವೆಷ್ಟು? ತಿರುವು ಸುಮಾರು 12 ಮೀಟರ್ ತ್ರಿಜ್ಯದ ಅರ್ಧ ವೃತ್ತ ಎಂದು ಹಿಡಿದರೆ ಒಂದೊಂದರಲ್ಲಿ ಒಂದೂಕಾಲು, ಒಂದೂವರೆ ಸೆಕೆಂಡು. ಹದಿನಾಲ್ಕೂ ಸೇರಿ ಇಪ್ಪತ್ತು ಸೆಕೆಂಡು ಕೂಡ ಆಗುವುದಿಲ್ಲ.

ಮಳೆಗಾಲದ ಆಗುಂಬೆಯಲ್ಲಿ ಸವೆತ ಬೇಸಿಗೆಗಿಂತ ಕಡಿಮೆ. ನೀರು ರಬ್ಬರನ್ನು ತಂಪಾಗಿಡುತ್ತದೆ, ಉಜ್ಜಾಟವನ್ನೂ ಇಳಿಸುತ್ತದೆ. ಆದರೆ ಉಜ್ಜಾಟ ಇಳಿಸುವ ನೀರು ಹಿಡಿತವನ್ನೂ ಇಳಿಸುತ್ತದೆ. ಅದಕ್ಕೇ ಒದ್ದೆ ರಸ್ತೆಯಲ್ಲಿ ಇನ್ನೂ ಮೆಲ್ಲಗೆ ಹೋಗಬೇಕು.

ಬ್ರೇಕಿನ ಲೆಕ್ಕ ಸ್ವಲ್ಪ ಬೇರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬರುವ ಕಾರನ್ನು ಒಬ್ಬರು 60 ಮೀಟರ್ ದೂರದಲ್ಲಿ ನಿಧಾನವಾಗಿ ನಿಲ್ಲಿಸುತ್ತಾರೆ, ಇನ್ನೊಬ್ಬರು 30 ಮೀಟರಿನಲ್ಲಿ ಗಕ್ಕನೆ. ಇಬ್ಬರೂ ಇಳಿಸಬೇಕಾದ ಶಕ್ತಿ ಒಂದೇ, ಅದರ ಬಹುಪಾಲು ಬ್ರೇಕಿನ ತಟ್ಟೆಯಲ್ಲಿ ಶಾಖವಾಗಿ ಹೋಗುತ್ತದೆ. ಆದರೆ ಎರಡನೆಯವರ ಟೈರಿಗೆ ಎರಡರಷ್ಟು ಬಲ, ಪ್ರತಿ ಮೀಟರಿನಲ್ಲಿ ಎರಡರಷ್ಟು ಜಾರಿಕೆ, ನಾಲ್ಕು ಪಟ್ಟಾಯಿತು. ದೂರ ಅರ್ಧಕ್ಕಿಳಿದದ್ದರಿಂದ ಕೊನೆಗೆ ಉಳಿಯುವುದು ಎರಡು ಪಟ್ಟು. ಪ್ರತಿ ಸಿಗ್ನಲ್ಲಿನಲ್ಲೂ ಹೀಗೇ ಆದರೆ ವರ್ಷಕ್ಕೆ ಎಷ್ಟಾದೀತು! ಸಿಗ್ನಲ್ ಹಸಿರಾದ ಕೂಡಲೇ ಆಕ್ಸಿಲರೇಟರ್ ಅದುಮಿ ಮುನ್ನುಗ್ಗುವವರಿಗೂ ಇದೇ ಲೆಕ್ಕ. ಎಲೆಕ್ಟ್ರಿಕ್ ಕಾರುಗಳಲ್ಲಿ ಇದು ಇನ್ನೂ ಮುಖ್ಯ. ಬ್ಯಾಟರಿಯಿಂದಾಗಿ ಅವು ಹೆಚ್ಚು ಭಾರ, ಮೋಟಾರು ನಿಂತ ಜಾಗದಿಂದಲೇ ಪೂರ್ತಿ ಬಲದಲ್ಲಿ ಚಕ್ರವನ್ನು ತಿರುಗಿಸಬಲ್ಲದು. ಪಾದ ಮೃದುವಾಗಿಲ್ಲದಿದ್ದರೆ ಟೈರು ಬೇಗ ಹೋಗುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ. ಎದುರಿಗೆ ಮಗುವೋ ದನವೋ ಅಡ್ಡ ಬಂದಾಗ ಟೈರಿನ ಯೋಚನೆ ಮಾಡುವಂತಿಲ್ಲ. ಆಗ ಪೂರ್ತಿ ಬಲ ಹಾಕಿ ಬ್ರೇಕ್ ಒತ್ತಲೇಬೇಕು. ಅಂಥ ಹೊತ್ತಿಗೆ ಹಿಡಿತ ಉಳಿದಿರಲಿ ಎಂದೇ ಉಳಿದ ದಿನಗಳಲ್ಲಿ ರಬ್ಬರನ್ನು ಕಾಪಾಡುವುದು.

ಸೈಕಲ್ಲಿನ ಹಿಂದಿನ ಬ್ರೇಕು ಹಿಡಿದು ಸರ್‍ರನೆ ಜಾರಿಸಿ ನಿಲ್ಲಿಸುವ ಆಟ ನಿಮ್ಮಲ್ಲಿ ಹಲವರಿಗೆ ಗೊತ್ತು. ನೆಲದ ಮೇಲೆ ಕಪ್ಪು ಗೆರೆ ಬೀಳುತ್ತದಲ್ಲ, ಆ ಗೆರೆಯಲ್ಲಿರುವುದು ನಿಮ್ಮ ಟೈರಿನ ರಬ್ಬರು. ಚಕ್ರ ತಿರುಗದೆ ಜಾರಿದಾಗ ಸುತ್ತೆಲ್ಲ ಹಂಚಿಹೋಗಬೇಕಾದ ಸವೆತ ಒಂದೇ ಜಾಗದ ಮೇಲೆ ಬೀಳುತ್ತದೆ. ಅಲ್ಲಿ ಟೈರು ಚಪ್ಪಟೆಯಾಗುತ್ತದೆ. ಈಗಿನ ಹೊಸ ಕಾರುಗಳಲ್ಲಿ ಇರುವ ಎಬಿಎಸ್ ವ್ಯವಸ್ಥೆ ಚಕ್ರ ಕಚ್ಚಿಕೊಳ್ಳುವ ಮೊದಲೇ ಬ್ರೇಕನ್ನು ಕ್ಷಣ ಕ್ಷಣಕ್ಕೂ ಸಡಿಲಿಸಿ ಹಿಡಿಯುತ್ತದೆ, ಆದ್ದರಿಂದ ಹೀಗಾಗುವುದು ಅಪರೂಪ.

ರೇಸು ಪ್ರೀತಿಸುವವರಿಗೆ 2005ರ ಫಾರ್ಮುಲಾ ಒನ್ ಕಥೆಯೊಂದಿದೆ. ಆ ವರ್ಷ ರೇಸಿನ ನಡುವೆ ಸವೆದ ಟೈರು ಬದಲಿಸುವಂತಿಲ್ಲ ಎಂಬ ನಿಯಮ ಬಂದಿತ್ತು. ಒಂದೇ ಜೊತೆ ಟೈರು ಕೊನೆಯವರೆಗೂ ಬಾಳಬೇಕು. ಜರ್ಮನಿಯ ನೂರ್ಬುರ್ಗ್‌ರಿಂಗ್‌ನಲ್ಲಿ ಮೇ ತಿಂಗಳಲ್ಲಿ ನಡೆದ ಯುರೋಪಿಯನ್ ಗ್ರಾಂ ಪ್ರಿಯಲ್ಲಿ ಫಿನ್ಲೆಂಡಿನ ಕಿಮಿ ರಾಯ್ಕೊನೆನ್ ಮುಂದಿದ್ದರು. ಹಿಂದುಳಿದಿದ್ದ ಕಾರೊಂದನ್ನು ದಾಟುವಾಗ ಬ್ರೇಕು ಬಿಗಿಯಾಗಿ ಮುಂದಿನ ಬಲಚಕ್ರ ಕಚ್ಚಿಕೊಂಡಿತು. ಟೈರಿನಲ್ಲಿ ಒಂದು ಚಪ್ಪಟೆ ಜಾಗ ಆಯಿತು. ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಅಂಥ ಚಕ್ರ ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಪ್ರತಿ ಸುತ್ತಿಗೂ ಆ ಚಪ್ಪಟೆ ಜಾಗ ನೆಲಕ್ಕೆ ಬಡಿಯುತ್ತದೆ. ಕಾರು ನಡುಗುತ್ತಲೇ ಓಡಿತು. ನಡುಕ ಸುತ್ತಿನಿಂದ ಸುತ್ತಿಗೆ ಹೆಚ್ಚಿತು. ಕೊನೆಯ ಸುತ್ತು ಶುರುವಾಗಿ, ಮೊದಲ ತಿರುವಿಗೆ ಬ್ರೇಕ್ ಒತ್ತುತ್ತಿದ್ದಂತೆ ಆ ಚಕ್ರವನ್ನು ಹಿಡಿದಿದ್ದ ಸಸ್ಪೆನ್ಶನ್ ಮುರಿದೇಹೋಯಿತು. ಗೆದ್ದವರು ಸ್ಪೇನಿನ ಫರ್ನಾಂಡೊ ಅಲಾನ್ಸೊ. ಆ ವರ್ಷದ ವಿಶ್ವ ಚಾಂಪಿಯನ್ ಆದವರೂ ಅವರೇ, ಎರಡನೆಯವರು ರಾಯ್ಕೊನೆನ್. ಬ್ರೇಕಿನ ಮೇಲೆ ಪಾದ ಒಂದು ಕ್ಷಣ ಹೆಚ್ಚು ಒತ್ತಿದ್ದರ ಬೆಲೆ ಅಷ್ಟಿತ್ತು.

ಮನೆಯ ಕಾರಿನ ಟೈರನ್ನು ಓದುವುದನ್ನೂ ಕಲಿಯಬಹುದು. ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು, ಎಂಜಿನ್ ಆಫ್ ಆಗಿರಬೇಕು, ದೊಡ್ಡವರೊಬ್ಬರು ಪಕ್ಕದಲ್ಲಿರಬೇಕು. ಮುಂದಿನ ಟೈರು ಹಿಂದಿನದಕ್ಕಿಂತ ಹೆಚ್ಚು ಸವೆದಿದೆಯೇ ನೋಡಿ. ನಮ್ಮ ಸಣ್ಣ ಕಾರುಗಳಲ್ಲಿ ಬಹಳಷ್ಟರಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು. ಎಳೆಯುವುದು, ತಿರುಗುವುದು, ಬ್ರೇಕಿನ ಹೆಚ್ಚಿನ ಪಾಲು ಹೊರುವುದು, ಮೂರೂ ಮುಂದಿನವಕ್ಕೇ. ಅದಕ್ಕೇ ಮೆಕ್ಯಾನಿಕ್ಕುಗಳು ಆಗಾಗ ಹಿಂದಿನ ಟೈರನ್ನು ಮುಂದಕ್ಕೂ ಮುಂದಿನದನ್ನು ಹಿಂದಕ್ಕೂ ಹಾಕುತ್ತಾರೆ. ಎರಡೂ ಅಂಚು ಸವೆದು ನಡುಭಾಗ ಚೆನ್ನಾಗಿದ್ದರೆ ಬಹಳ ದಿನ ಗಾಳಿ ಕಡಿಮೆ ಇತ್ತು ಎಂದರ್ಥ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಮುಂದಿನ ಟೈರುಗಳ ಹೊರ ಅಂಚು ದುಂಡಗಾಗಿದ್ದರೆ ತಿರುವುಗಳಲ್ಲಿ ಆತುರ ಇರಬಹುದು.

ಆದರೆ ತಪ್ಪನ್ನೆಲ್ಲ ಚಾಲಕರ ಮೇಲೆ ಹೊರಿಸುವುದು ನ್ಯಾಯವಲ್ಲ. ಟ್ರೆಡ್ಡಿನ ಮೇಲೆ ಅಂಗೈಯನ್ನು ಅಡ್ಡಲಾಗಿ ಒಮ್ಮೆ ಒಳಗಿನಿಂದ ಹೊರಕ್ಕೆ, ಒಮ್ಮೆ ಹೊರಗಿನಿಂದ ಒಳಕ್ಕೆ ಮೆಲ್ಲಗೆ ಆಡಿಸಿ (ತಂತಿ, ಮೊಳೆ ಚುಚ್ಚಿಕೊಂಡಿಲ್ಲವೆಂದು ಮೊದಲು ನೋಡಿಕೊಳ್ಳಿ). ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಸಿಕ್ಕಿದರೆ ಚಕ್ರದ ಅಲೈನ್‌ಮೆಂಟ್ ತಪ್ಪಿದೆ. ರಸ್ತೆಗುಂಡಿಗೆ ಬಿದ್ದು ಹೀಗಾಗುತ್ತದೆ. ಚಕ್ರ ಅರ್ಧ ಡಿಗ್ರಿ ಓರೆಯಾಗಿದ್ದರೂ ನೆಟ್ಟಗಿನ ರಸ್ತೆಯಲ್ಲೇ ಪ್ರತಿ ಕಿಲೋಮೀಟರಿಗೆ 8 ಮೀಟರಿಗೂ ಹೆಚ್ಚು ಅಡ್ಡಕ್ಕೆ ಎಳೆದಾಡುತ್ತದೆ. ಎಷ್ಟು ನಯವಾಗಿ ಓಡಿಸಿದರೂ ಅದು ತಪ್ಪುವುದಿಲ್ಲ, ಅಲೈನ್‌ಮೆಂಟ್ ಮಾಡಿಸಲೇಬೇಕು.

ಸವೆದ ರಬ್ಬರು ಎಲ್ಲಿಗೆ ಹೋಯಿತು? ಒಂದು ಟೈರು ಬೋಳಾಗುವ ಹೊತ್ತಿಗೆ ಸುಮಾರು ಒಂದೂಕಾಲು ಕಿಲೋ, ನಾಲ್ಕೂ ಸೇರಿ ಐದು ಕಿಲೋದಷ್ಟು ಪುಡಿ ಉದುರಿರುತ್ತದೆ. ಸ್ವಲ್ಪ ಗಾಳಿಯಲ್ಲಿ ತೇಲುತ್ತದೆ, ಬಹಳಷ್ಟು ರಸ್ತೆಯ ಅಂಚಿನಲ್ಲಿ ಕೂತು ಮಳೆ ಬಂದಾಗ ಚರಂಡಿಗೆ, ಅಲ್ಲಿಂದ ಕೆರೆ ತೊರೆಗಳಿಗೆ ಹೋಗುತ್ತದೆ. ಅಮೆರಿಕದ ಸಿಯಾಟಲ್ ನಗರದ ಸುತ್ತಲಿನ ತೊರೆಗಳಿಗೆ ಕೋಹೋ ಸಾಲ್ಮನ್ ಎಂಬ ಮೀನುಗಳು ಮೊಟ್ಟೆ ಇಡಲು ಸಮುದ್ರದಿಂದ ಮರಳಿ ಬರುತ್ತವೆ. ಮಳೆ ಬಿದ್ದ ಬೆನ್ನಿಗೇ ಅವು ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ವಿಜ್ಞಾನಿಗಳು ವರ್ಷಗಟ್ಟಲೆ ಕಾರಣ ಹುಡುಕಿದರು. ರಸ್ತೆಯ ನೀರಿನಲ್ಲಿದ್ದ ರಾಸಾಯನಿಕಗಳನ್ನು ಒಂದೊಂದಾಗಿ ಬೇರ್ಪಡಿಸಿ ಪರೀಕ್ಷಿಸಿದರು. 2020ರ ಕೊನೆಯಲ್ಲಿ ಉತ್ತರ ಪ್ರಕಟವಾಯಿತು. ಟೈರು ಬಿರುಕು ಬಿಡದಿರಲೆಂದು ರಬ್ಬರಿಗೆ 6ಪಿಪಿಡಿ ಎಂಬ ವಸ್ತು ಸೇರಿಸುತ್ತಾರೆ. ಗಾಳಿಯಲ್ಲಿನ ಓಝೋನ್ ರಬ್ಬರಿಗೆ ತಾಗುವ ಮೊದಲೇ ಅದು ಎದುರುಗೊಂಡು ಬೇರೊಂದು ವಸ್ತುವಾಗಿ ಬದಲಾಗುತ್ತದೆ. ಆ ಬದಲಾದ ವಸ್ತು ಕೋಹೋ ಮೀನಿಗೆ ವಿಷ. ಟೈರನ್ನು ಕಾಯಲು ಹಾಕಿದ್ದು ಮೀನನ್ನು ಕೊಲ್ಲುತ್ತಿತ್ತು! ಅದರ ಬದಲಿಗೆ ಏನು ಹಾಕಬಹುದೆಂದು ಈಗ ಹುಡುಕಾಟ ನಡೆದಿದೆ. ಯುರೋಪಿನಲ್ಲಿ 2024ರಲ್ಲಿ ಒಪ್ಪಿಗೆಯಾದ ಯೂರೋ 7 ನಿಯಮಗಳಲ್ಲಿ ಹೊಗೆಯ ಜೊತೆಗೆ ಟೈರಿನ ಸವೆತಕ್ಕೂ ಮಿತಿ ಹಾಕುವ ಮಾತು ಸೇರಿದೆ. ರಾಸಾಯನಿಕ ಬದಲಾಗುವವರೆಗೆ ನಮ್ಮ ಕೈಯಲ್ಲಿರುವುದು ಉದುರುವ ಪುಡಿಯನ್ನು ಕಡಿಮೆ ಮಾಡುವುದು. ಅದು ನಾವು ಆಗಲೇ ನೋಡಿದ ಪಾದ ಮತ್ತು ಕೈಗಳ ಕೆಲಸ.

ಕಾರು ಓಡಿಸುವ ವಯಸ್ಸು ನಿಮಗಿನ್ನೂ ಬಂದಿಲ್ಲ, ಆದರೆ ಅಳೆಯುವ ವಯಸ್ಸು ಬಂದಿದೆ. ಕಂಪಾಸು ಪೆಟ್ಟಿಗೆಯ ಕೋನಮಾಪಕವನ್ನು ತಲೆಕೆಳಗಾಗಿ ಹಿಡಿಯಿರಿ, ನೆಟ್ಟಗಿನ ಅಂಚು ಮೇಲಿರಲಿ. ಅದರ ನಡುಬಿಂದುವಿಗೆ ಒಂದು ದಾರ ಕಟ್ಟಿ, ದಾರದ ತುದಿಗೆ ಅಳಿಸುವ ರಬ್ಬರನ್ನು ನೇತುಹಾಕಿ. ಕಲ್ಲು, ಕಬ್ಬಿಣ ಬೇಡ, ಯಾರಿಗಾದರೂ ತಗುಲೀತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತು ಕೋನಮಾಪಕವನ್ನು ಕಾರಿನ ಉದ್ದಕ್ಕೆ ಹಿಡಿದರೆ ಬ್ರೇಕ್ ಒತ್ತಿದಾಗ ದಾರ ಮುಂದಕ್ಕೆ ವಾಲುತ್ತದೆ. ಅಡ್ಡಕ್ಕೆ ಹಿಡಿದರೆ ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ವಾಲಿದ ಕೋನ 10 ಡಿಗ್ರಿ ಆದರೆ ಟೈರುಗಳು ಕಾರಿನ ತೂಕದ ನೂರಕ್ಕೆ ಹದಿನೆಂಟರಷ್ಟು ಬಲವನ್ನು ರಸ್ತೆಯ ಮೇಲೆ ಹಾಕುತ್ತಿವೆ. 20 ಡಿಗ್ರಿ ಆದರೆ ನೂರಕ್ಕೆ ಮೂವತ್ತಾರರಷ್ಟು. ಬಲ ಎರಡರಷ್ಟು, ಆದ್ದರಿಂದ ಸವೆತ ನಾಲ್ಕರಷ್ಟು. ರಸ್ತೆಯೇ ಇಳಿಜಾರಾಗಿದ್ದರೆ ದಾರ ಸುಮ್ಮನೆಯೂ ವಾಲುತ್ತದೆ, ಹಾಗಾಗಿ ಸಮತಟ್ಟಾದ ರಸ್ತೆಯಲ್ಲಿ ಅಳೆಯಿರಿ. ದಾರ ಹೆಚ್ಚು ವಾಲಲಿ ಎಂದು ಯಾರನ್ನೂ ಜೋರಾಗಿ ಓಡಿಸಲು ಕೇಳಬೇಡಿ.

ಮನೆಯಿಂದ ಶಾಲೆಯವರೆಗೆ ದಾರ ಎಷ್ಟು ಸಲ 10 ಡಿಗ್ರಿ ದಾಟಿತು ಎಂದು ಬರೆದಿಡಿ. ಅಪ್ಪ ಓಡಿಸಿದ ದಿನ, ಅಮ್ಮ ಓಡಿಸಿದ ದಿನ, ಚಿಕ್ಕಪ್ಪನೋ ಸೋದರಮಾವನೋ ಓಡಿಸಿದ ದಿನ ಬೇರೆ ಬೇರೆ ಬರೆಯಿರಿ. ಒಮ್ಮೆಯೂ 10 ಡಿಗ್ರಿ ದಾಟಿಸದೆ ನಿಮ್ಮನ್ನು ಹೊತ್ತಿಗೆ ಸರಿಯಾಗಿ ಶಾಲೆ ಮುಟ್ಟಿಸುವವರು ಸಿಕ್ಕರೆ ಅವರು ಅದನ್ನು ಹೇಗೆ ಮಾಡುತ್ತಾರೆ ಎಂದು ಗಮನಿಸಿ. ದೂರದ ಸಿಗ್ನಲ್ ಕೆಂಪಾದದ್ದು ಕಂಡ ಕೂಡಲೇ ಅವರು ಆಕ್ಸಿಲರೇಟರಿನಿಂದ ಪಾದ ತೆಗೆದಿರುತ್ತಾರೆ. ಮುಂದಿನ ವಾಹನದಿಂದ ನಾಲ್ಕಾರು ಮಾರು ಹೆಚ್ಚೇ ಹಿಂದಿರುತ್ತಾರೆ. ತಿರುವಿನ ಒಳಗೆ ಹೋದ ಮೇಲೆ ಬ್ರೇಕ್ ಒತ್ತುವ ಬದಲು ತಿರುವು ಬರುವ ಮೊದಲೇ ವೇಗ ಇಳಿಸಿರುತ್ತಾರೆ.